ಶ್ರೀನಿವಾಸ ರಾಮಾನುಜನ್

ನಮ್ಮ ಸೊರಬ, ಶಿಕಾರಿಪುರಗಳ ಸೀಮೆಯು ಪೂರ್ವದ ಶಾಸನಗಳಲ್ಲಿ ಬನವಾಸಿ ಪನ್ನಿರ್ಚ್ಛಾಸಿರದ ಅಂಗವಾಗಿ ಕಾಣುತ್ತದೆ. ಈ 12000ವನ್ನು ಶೇಷವಿಲ್ಲದೆ ಭಾಗಿಸಬಲ್ಲ ಸಂಖ್ಯೆಗಳು 48. ಅದಕ್ಕಿಂತ ಕಿರಿದಾದ 10080ಕ್ಕಾದರೋ 72 ಭಾಜಕಗಳುಂಟು. ತನಗಿಂತ ಚಿಕ್ಕದಾದ ಯಾವುದಕ್ಕೂ ಇಲ್ಲದಷ್ಟು ಭಾಜಕಗಳುಳ್ಳ ಇಂತಹ ಸಂಖ್ಯೆಗಳ ಮರ್ಮವನ್ನು ಲೋಕಕ್ಕೆ ತಿಳಿಸಿದವರು ಶ್ರೀನಿವಾಸ ರಾಮಾನುಜನ್ ಅವರು.

ಇವರು 1887ನೆಯ ಡಿಸೆಂಬರ್ 22ರಂದು ಈರೋಡಿನಲ್ಲಿ ಜನಿಸಿ ಕುಂಭಕೋಣದಲ್ಲಿ ಬೆಳೆದರು. ತಂದೆಯವರು ಜವಳಿ ಅಂಗಡಿಯೊಂದರ ಗುಮಾಸ್ತರು. ಗಣಿತವನ್ನುಳಿದು ಬೇರಾವ ವಿಷಯದಲ್ಲಿಯೂ ಮನಸ್ಸು ನಿಲ್ಲದ ಕಾರಣ ಕಾಲೇಜಿನ ಪರೀಕ್ಷೆಗಳಲ್ಲಿ ಅನುತ್ತೀರ್ಣರಾದರು. ಪದವಿಯಿಲ್ಲದವರಿಗೆ ಉದ್ಯೋಗವೂ ದುರ್ಲಭವಾಯಿತು. ಆ ಕಷ್ಟಕಾಲದಲ್ಲಿ ಅವರ ಕೈಹಿಡಿದವರಲ್ಲಿ ಕನ್ನಡನಾಡಿನವರೂ ಇದ್ದರೆಂಬುದನ್ನು ನಾವು ಮರೆಯಲಾಗದು. ಭಾರತೀಯ ಗಣಿತ ಸಂಘದ ಪತ್ರಿಕೆಯ ಸಂಪಾದಕರಾಗಿದ್ದ ಬೆಂಗಳೂರು ಸೆಂಟ್ರಲ್ ಕಾಲೇಜಿನ ಎಂ. ಟಿ. ನಾರಾಯಣ ಅಯ್ಯಂಗಾರ್ಯರು, ಅಸ್ಪಷ್ಟವಾಗಿದ್ದ ಅವರ ಹಸ್ತಪ್ರತಿಯನ್ನು ಬದಿಗೊತ್ತದೆ, ಮರಳಿ ಮರಳಿ ತಿದ್ದಿಸಿ, 1911ರಲ್ಲಿ ಪ್ರಕಟಿಸಿದರು.

1912ರಲ್ಲಿ ಮದರಾಸಿನ ಬಂದರು ಕಚೇರಿಯಲ್ಲಿ ಗುಮಾಸ್ತಿಕೆ ದೊರೆಯಿತು. 1914ರಲ್ಲಿ ಹಾರ್ಡಿಯವರ ಆಹ್ವಾನದಂತೆ ಕೇಂಬ್ರಿಜ್ಜಿಗೆ ತೆರಳಿದರು. ಮರುವರ್ಷವೇ ಈ ಬಹುಭಾಜಕ ಸಂಖ್ಯೆಗಳ ಪ್ರಬಂಧವು ಲಂಡನ್ ಗಣಿತ ಸಂಘದಿಂದ ಪ್ರಕಟವಾಯಿತು.

ಪ್ರತಿಯೊಂದು ಸಂಖ್ಯೆಯೂ 2, 3, 5, 7 ಮೊದಲಾದ ಅವಿಭಾಜ್ಯಗಳ ಗುಣಲಬ್ಧವಷ್ಟೆ. ಬಹುಭಾಜಕ ಸಂಖ್ಯೆಯಲ್ಲಿ ಇವು ನಡುವೆ ಒಂದನ್ನೂ ಬಿಡದೆ ಕ್ರಮವಾಗಿ ಬರಬೇಕು. ಹಿರಿಯದು ಕಿರಿಯದಕ್ಕಿಂತ ಹೆಚ್ಚು ಸಲ ಬರಕೂಡದು. 4 ಮತ್ತು 36ರ ಹೊರತು ಉಳಿದೆಡೆ ಕಡೆಯದು ಒಂದೇ ಸಲ ಬರುವುದು. 10080ರಲ್ಲಿ ಐದು ಎರಡುಗಳು, ಎರಡು ಮೂರುಗಳು, ಒಂದು ಐದು, ಒಂದು ಏಳು, ನಿಯಮವು ಸಂಪೂರ್ಣವಾಗಿದೆ. 12000ದಲ್ಲಿ ಮೂರು ಒಂದೇ ಸಲ, ಐದು ಮೂರು ಸಲ. ಆದುದರಿಂದಲೇ ಅದು ಹಿಂದೆ ಬಿದ್ದಿತು. ರಾಮಾನುಜನ್ನರ ಕೋಷ್ಟಕವು 6746328388800ರವರೆಗೂ ಸಾಗಿತು. ಅದರ ಭಾಜಕಗಳ ಸಂಖ್ಯೆ 10080!

ಈ ಕೃತಿಗಾಗಿಯೇ 1916ರಲ್ಲಿ ಕೇಂಬ್ರಿಜ್ಜು ಅವರಿಗೆ ಪದವಿಯನ್ನಿತ್ತಿತು. 1918ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ ಲಭಿಸಿತು. ಆದರೆ ದೇಹವು ಜರ್ಝರಿತವಾಗಿತ್ತು. 1919ರಲ್ಲಿ ಸ್ವದೇಶಕ್ಕೆ ಮರಳಿ, 1920ನೆಯ ಏಪ್ರಿಲ್ 26ರಂದು ತಮ್ಮ 32ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಯುದ್ಧಕಾಲದಲ್ಲಿ ಪ್ರಕಾಶಕ ಸಂಘಕ್ಕೆ ಹಣದ ಅಭಾವವಿದ್ದುದರಿಂದ ಆ ಪ್ರಬಂಧದ ಉತ್ತರಭಾಗವು ಅಚ್ಚಾಗದೆ ಉಳಿದಿತ್ತು. ವಿದ್ವಾಂಸರ ಟಿಪ್ಪಣಿಗಳೊಡನೆ ಅದು ಗಣಿತ ಪತ್ರಿಕೆಯೊಂದರಲ್ಲಿ ಬೆಳಕು ಕಂಡುದು 1997ರಲ್ಲಿ. ಪ್ರತಿಭೆಯು ದೈವದತ್ತವಿರಬಹುದು, ಅದನ್ನು ಓದಿ, ತಿದ್ದಿ, ಅಚ್ಚಿಗೆ ಕೊಡುವ ತಾಳ್ಮೆಯೂ ಕಾಗದದ ವೆಚ್ಚವೂ ಸಮಾಜದ ಹೊಣೆ. ನಮ್ಮ ಮಲೆನಾಡಿನ ಶಾಲೆಗಳಲ್ಲಿ ಒಂದೇ ವಿಷಯದಲ್ಲಿ ಮುಂದಿದ್ದು ಉಳಿದುದರಲ್ಲಿ ಸೋತ ಬಾಲಕನನ್ನು ಹೊರಗಟ್ಟುವ ಮುನ್ನ ಉಪಾಧ್ಯಾಯರು ಅವನ ಲೆಕ್ಕದ ಪುಸ್ತಕವನ್ನೊಮ್ಮೆ ತೆರೆದು ನೋಡಲೆಂದು ನಾವು ಬೇಡುತ್ತೇವೆ.