ಇಸ್ಪೀಟಿನಲ್ಲಿ ಸೋಲದ ಸ್ಟೂ ಉಂಗರ್, ಸಾಯುವಾಗ ಬಳಿ ಇದ್ದದ್ದು ಸುಮಾರು 800 ಡಾಲರ್!

ಹೈದರಾಬಾದ್: ಆನ್‌ಲೈನ್ ಪೋಕರ್ ಆಡಿಯೇ ಬದುಕುತ್ತೇನೆಂದು ಹೊರಟ ಇಲ್ಲಿನ ಯುವಕರಿಗೆ ತೆಲಂಗಾಣ ಸರ್ಕಾರ 2017ರಲ್ಲೇ ಬಾಗಿಲು ಮುಚ್ಚಿತು. ಹಣ ಕಟ್ಟಿ ಆಡುವ ರಮ್ಮಿಗೂ ಅದೇ ಗತಿ. ವಿಚಿತ್ರವೆಂದರೆ, ಪಕ್ಕದ ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ 1967ರಲ್ಲಿ ರಮ್ಮಿಯನ್ನು ಕೌಶಲದ ಆಟ ಎಂದಿತ್ತು. ಆದರೆ ಕೌಶಲವೊಂದೇ ಹೊಟ್ಟೆ ತುಂಬಿಸುತ್ತದೆಯೇ? ಉಂಗರ್ ಕಥೆ ಕೇಳಿ.

1953ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಈತ ಹದಿಹರೆಯದಲ್ಲೇ ಜಿನ್ ರಮ್ಮಿಯಲ್ಲಿ ದೊಡ್ಡವರ ಜೇಬು ಖಾಲಿ ಮಾಡುತ್ತಿದ್ದ. ಎದುರಾಳಿಯ ಕೈಯಲ್ಲಿರುವ ಎಲೆ ಹೇಳುವಷ್ಟು ನೆನಪಿನ ಶಕ್ತಿ. ಕೊನೆಗೆ ಇವನೊಂದಿಗೆ ಆಡಲು ಯಾರೂ ಒಪ್ಪದಾದರು! ಪೋಕರ್‌ಗೆ ತಿರುಗಿದ. 1980 ಮತ್ತು 1981ರಲ್ಲಿ ಲಾಸ್ ವೇಗಸ್‌ನ ವರ್ಲ್ಡ್ ಸೀರೀಸ್ ಗೆದ್ದ.

ಗೆದ್ದದ್ದೆಲ್ಲ ಕುದುರೆ ರೇಸ್, ಕ್ರೀಡಾ ಬೆಟ್ಟಿಂಗ್, ಕೊಕೇನ್ ಪಾಲಾಯಿತು. 1990ರ ಟೂರ್ನಿಯ ನಡುವೆಯೇ ಹೋಟೆಲ್ ಕೋಣೆಯಲ್ಲಿ ಪ್ರಜ್ಞೆ ತಪ್ಪಿ ಬಿದ್ದಿದ್ದ. ಖಾಲಿ ಕುರ್ಚಿಯ ಮುಂದಿದ್ದ ಚಿಪ್ಸ್‌ಗಳೇ ಅವನಿಗೆ 9ನೇ ಸ್ಥಾನ ತಂದುಕೊಟ್ಟವು ಎಂದರೆ ನಂಬಲೇಬೇಕು.

1997ರಲ್ಲಿ ಗೆಳೆಯ ಬಿಲ್ಲಿ ಬ್ಯಾಕ್ಸ್‌ಟರ್ 10 ಸಾವಿರ ಡಾಲರ್ ಪ್ರವೇಶ ಶುಲ್ಕ ಕಟ್ಟಿದ. ಉಂಗರ್ ಮೂರನೇ ಬಾರಿ ಚಾಂಪಿಯನ್ ಆದ. 10 ಲಕ್ಷ ಡಾಲರ್ ಬಹುಮಾನವನ್ನು ಇಬ್ಬರೂ ಹಂಚಿಕೊಂಡರು. ಉಂಗರ್ ಪಾಲು ಕೆಲವೇ ತಿಂಗಳಲ್ಲಿ ಕರಗಿತು. ಮರುವರ್ಷವೂ ಶುಲ್ಕ ಕಟ್ಟಲು ಬ್ಯಾಕ್ಸ್‌ಟರ್ ಸಿದ್ಧನಿದ್ದ, ಉಂಗರ್ ಆಡಲು ಬರಲೇ ಇಲ್ಲ.

1998ರ ನವೆಂಬರ್ 22ರಂದು ವೇಗಸ್‌ನ ಅಗ್ಗದ ಮೋಟೆಲ್ ಒಂದರಲ್ಲಿ ಶವವಾಗಿ ಸಿಕ್ಕಾಗ ಅವನಿಗೆ 45 ವರ್ಷ. ಅಂತ್ಯಕ್ರಿಯೆಗೆ ಪರಿಚಯಸ್ಥರು ಚಂದಾ ಎತ್ತಿದರು.