ಮೋಕ್ಷ ಯಾರಿಗೆ? ಗುರುವಿಗೂ ಇಲ್ಲ ಅಂದಿದ್ದ ಕನಕದಾಸರು

ಸೊರಬ: ಪಕ್ಕದ ಹಾವೇರಿ ಜಿಲ್ಲೆಯ ಕಾಗಿನೆಲೆ ಅಂದರೆ ಈ ಭಾಗದವರಿಗೆ ದೂರದ ಊರೇನಲ್ಲ. ಅಲ್ಲಿನ ಆದಿಕೇಶವನ ಅಂಕಿತದಲ್ಲಿ ಹಾಡಿದ ಕನಕದಾಸರು ಹುಟ್ಟಿದ್ದು ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ. ಕುರುಬ ಸಮುದಾಯದ ಬೀರಪ್ಪ, ಬಚ್ಚಮ್ಮ ದಂಪತಿಯ ಮಗ. ಮೊದಲ ಹೆಸರು ತಿಮ್ಮಪ್ಪ ನಾಯಕ. ನೆಲದಲ್ಲಿ ಹೂತಿದ್ದ ಹೊನ್ನು ಸಿಕ್ಕ ಮೇಲೆ ಕನಕ ನಾಯಕ ಆದರಂತೆ. ಯುದ್ಧದಲ್ಲಿ ಗಾಯಗೊಂಡು ಬದುಕಿ ಉಳಿದವರು ಕತ್ತಿ ಕೆಳಗಿಟ್ಟು ದಾಸರಾದರು ಅಂತ ಪ್ರತೀತಿ.

ಗುರುಗಳು ಮಧ್ವಮತದ ವ್ಯಾಸರಾಯರು. ಆ ಮತದ ಪ್ರಕಾರ ಜೀವಿಗಳ ಸ್ವಭಾವ ಅನಾದಿಯಿಂದಲೇ ಬೇರೆ ಬೇರೆ. ಮುಕ್ತಿಗೆ ಯೋಗ್ಯರಾದವರು ಕೆಲವರು, ಸಂಸಾರದಲ್ಲೇ ಸುತ್ತುವವರು ಕೆಲವರು, ತಮಸ್ಸಿಗೆ ಹೋಗುವವರು ಇನ್ನು ಕೆಲವರು. ಇದು ಜಾತಿಯ ಲೆಕ್ಕ ಅಲ್ಲ. ಆದರೂ ಮಠದ ಕೆಲವರು ಕನಕರ ಕುಲ ಎತ್ತಿ ಆಡಿಕೊಂಡರು ಅಂತ ಕತೆಗಳು ಹೇಳುತ್ತವೆ.

ಯಾರೂ ಕಾಣದ ಕಡೆ ತಿಂದು ಬನ್ನಿ ಅಂತ ಗುರುಗಳು ಶಿಷ್ಯರಿಗೆಲ್ಲ ಬಾಳೆಹಣ್ಣು ಕೊಟ್ಟರಂತೆ. ಉಳಿದವರು ಮೂಲೆ ಹುಡುಕಿ ತಿಂದರು. ದೇವರು ಕಾಣದ ಜಾಗವೇ ಸಿಗಲಿಲ್ಲ ಅಂತ ಕನಕರು ಹಣ್ಣು ವಾಪಸ್ ತಂದರು.

ಹಾಗಾದರೆ ಎಲ್ಲ ಕಾಣುವ ದೇವರೇ ಎಲ್ಲ ಮೊದಲೇ ಬರೆದಿಟ್ಟಿದ್ದಾನಾ? ಈ ಪ್ರಶ್ನೆಗೆ ಆಗ ಯುರೋಪಿನ ಕ್ರೈಸ್ತರೂ ಕಚ್ಚಾಡುತ್ತಿದ್ದರು. ಕನಕರು ಹುಟ್ಟಿದ ವರ್ಷ ಅಂತ ರೂಢಿಯಲ್ಲಿರುವ 1509ರಲ್ಲೇ ಫ್ರಾನ್ಸಿನಲ್ಲಿ ಜಾನ್ ಕ್ಯಾಲ್ವಿನ್ ಹುಟ್ಟಿದ. ಯಾರಿಗೆ ರಕ್ಷಣೆ, ಯಾರಿಗೆ ನಾಶ ಅಂತ ದೇವರು ಮೊದಲೇ ಗೊತ್ತುಮಾಡಿದ್ದಾನೆ ಎಂದ ಪ್ರೊಟೆಸ್ಟಂಟ್ ಗುರು ಆತ. ಕ್ಯಾಥೊಲಿಕರು ಟ್ರೆಂಟ್ ಸಭೆಯಲ್ಲಿ 1547ರಲ್ಲಿ ಬೇರೆ ತೀರ್ಮಾನ ಕೊಟ್ಟರು. ಮೊದಲ ಹೆಜ್ಜೆ ದೇವರ ಕೃಪೆಯದೇ, ಆದರೆ ಅದನ್ನು ಒಪ್ಪುವುದು, ತಳ್ಳುವುದು ಮನುಷ್ಯನ ಕೈಲಿದೆ. ತಾನು ಆಯ್ಕೆಯಾದವನೇ ಅಂತ ಯಾರೂ ಖಚಿತವಾಗಿ ಹೇಳಿಕೊಳ್ಳಬಾರದು ಅಂತಲೂ ಆ ಸಭೆ ಹೇಳಿತು. ಮಳೆ ಹಿಡಿದರೆ ಗುಡವಿ ಕೆರೆಗೆ ಹಕ್ಕಿ ಬರುತ್ತವೆ ಅಂತ ಊರವರಿಗೆ ಗೊತ್ತು. ಗೊತ್ತಿದ್ದ ಮಾತ್ರಕ್ಕೆ ಅವರೇ ಹಕ್ಕಿ ಕರೆತಂದ ಹಾಗಾಗಲ್ಲ. ದೇವರಿಗೆ ಗೊತ್ತಿರುವುದೂ ಹಾಗೇ ಅನ್ನುವವರು ಒಂದು ಕಡೆ. ಕ್ಯಾಲ್ವಿನ್ ಇದನ್ನು ಒಪ್ಪಲಿಲ್ಲ.

ಕನಕರು ವಾದದ ಗ್ರಂಥ ಬರೆಯಲು ಹೋಗಲಿಲ್ಲ. ರಾಮಧಾನ್ಯ ಚರಿತೆಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚಿದರು. ಶ್ರೀರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ. ಮೇಲು ಅಂತ ಬೀಗುತ್ತಿದ್ದ ಭತ್ತ ಕೆಟ್ಟಿತು, ಬಡವರ ರಾಗಿ ಉಳಿಯಿತು.

ಒಮ್ಮೆ ವ್ಯಾಸರಾಯರು ತುಂಬಿದ ಸಭೆಯಲ್ಲೇ ಮೋಕ್ಷಕ್ಕೆ ಹೋಗುವವರು ಯಾರು ಅಂತ ಕೇಳಿದರಂತೆ. ಒಬ್ಬೊಬ್ಬ ಪಂಡಿತರ ಹೆಸರು ಹೇಳಿದಾಗಲೂ ಕನಕರು ಇಲ್ಲ ಅಂದರು. ಗುರುಗಳ ಹೆಸರಿಗೂ ಇಲ್ಲ ಅಂದರು. ಸಭೆ ಸಿಟ್ಟಾಯಿತು. ಹಾಗಾದರೆ ನೀನು ಹೋಗ್ತೀಯಾ ಅಂತ ಕೇಳಿದರು. ನಾನು ಅನ್ನೋದು ಹೋದರೆ ತಾನೂ ಹೋಗಬಹುದು ಅಂತ ಕನಕರು ಕೈ ಮುಗಿದರು. ಪಂಡಿತರಿಗೆ ಸುಳಿವು ಹತ್ತಲಿಲ್ಲ. ಅರ್ಥ ಬಿಡಿಸಿ ಹೇಳಿದ್ದು ವ್ಯಾಸರಾಯರೇ.