ಭಾನುವಾರದ ಮಾತ್ರೆ, ಸೋಮವಾರದ ಮಾತ್ರೆ

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಭಾನುವಾರ ಅಂದ್ರೆ ಅಮ್ಮನ ಹಳದಿ ಮಾತ್ರೆಯ ದಿನ. ಅಮ್ಮನಿಗೆ ರುಮಟಾಯ್ಡ್ ಆರ್ಥ್ರೈಟಿಸ್. ಮೈಯನ್ನು ಕಾಯಬೇಕಾದ ವ್ಯವಸ್ಥೆಯೇ ಕೀಲುಗಳ ಮೇಲೆ ತಿರುಗಿ ಬೀಳುವ ಕಾಯಿಲೆ ಇದು. ಬೆಳಗ್ಗೆ ಬೆರಳು ಮಡಚೋಕೇ ಆಗಲ್ಲ, ಇನ್ನು ಮಗ್ಗದಲ್ಲಿ ಕಡಿದ ಎಳೆಗೆ ಗಂಟು ಹಾಕೋದೆಲ್ಲಿ? ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ, ಅದಕ್ಕೇ ಕ್ಯಾಲೆಂಡರಿನ ಭಾನುವಾರಗಳಿಗೆಲ್ಲ ಸುತ್ತು ಹಾಕಿದ್ದೇವೆ. ಡಾಕ್ಟರು ಹೇಳಿದಂತೆ ಸೋಮವಾರ ಫೋಲಿಕ್ ಆಸಿಡ್. ಆ ಮಾತ್ರೆಯ ಉಪದ್ರವ, ಬಾಯಿಹುಣ್ಣು, ವಾಕರಿಕೆ, ಇದರಿಂದ ಕಡಿಮೆಯಾಗುತ್ತೆ.

ಎರಡೂ ಮಾತ್ರೆಗಳ ಹಿಂದೆ ಇರೋದು ಒಬ್ಬರೇ: ಯೆಲ್ಲಾಪ್ರಗಡ ಸುಬ್ಬರಾವ್.

ಹುಟ್ಟಿದ್ದು 1895ರಲ್ಲಿ, ಆಂಧ್ರದ ಭೀಮವರಂನಲ್ಲಿ. ಮೆಟ್ರಿಕ್ ಪಾಸಾಗಿದ್ದು ಮೂರನೇ ಸಲಕ್ಕೆ. (ಬ್ಯಾಕ್‌ಲಾಗ್ ಇರುವ ಗೆಳೆಯರು ಗಮನಿಸಿ.) ಮದ್ರಾಸಿನ ಮೆಡಿಕಲ್ ಕಾಲೇಜಿಗೆ ಖಾದಿ ಗೌನ್ ತೊಟ್ಟು ಹೋಗಿ ಪ್ರೊಫೆಸರ ಸಿಟ್ಟಿಗೆ ಗುರಿಯಾದರು, ಎಂಬಿಬಿಎಸ್ ಬದಲು ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಸಿಕ್ಕಿತು. ಅಷ್ಟರೊಳಗೆ ಇಬ್ಬರು ಅಣ್ಣತಮ್ಮಂದಿರು ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡಿದ್ದರು. ಸ್ಪ್ರೂ ಎಂಬ ರೋಗ. ಕರುಳು ಆಹಾರದ ಸತ್ವ ಹೀರುವುದನ್ನೇ ಬಿಟ್ಟುಬಿಡುತ್ತೆ. ಅದು ಆಟೋಇಮ್ಯೂನ್ ಅಲ್ಲ, ಆದರೆ ಮನೆಯವರು ಕೈಚೆಲ್ಲಿ ಕೂರುವ ಸ್ಥಿತಿ ಮಾತ್ರ ನಮಗೆ ಹೊಸದಲ್ಲ.

ಹೆಂಡತಿಯನ್ನು ಊರಲ್ಲೇ ಬಿಟ್ಟು ಬೋಸ್ಟನ್‌ಗೆ ಹೊರಟರು. ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಆಳಾಗಿ ದುಡಿದರು. ಹಾರ್ವರ್ಡ್‌ನಲ್ಲಿ ಫಿಸ್ಕ್ ಜೊತೆ ಸೇರಿ ರಂಜಕ ಅಳೆಯುವ ವಿಧಾನ ಕಂಡುಹಿಡಿದರು, ಸ್ನಾಯುವಿನಲ್ಲಿ ಫಾಸ್ಫೋಕ್ರಿಯೇಟಿನ್, ಎಟಿಪಿ ಗುರುತಿಸಿದರು. ಕಾಯಂ ಹುದ್ದೆ ಮಾತ್ರ ಸಿಗಲಿಲ್ಲ. 1940ರಲ್ಲಿ ಲೆಡರ್ಲಿ ಕಂಪನಿ ಸೇರಿದರು.

ಅಲ್ಲಿ ಅವರ ತಂಡ 1945ರಲ್ಲಿ ಫೋಲಿಕ್ ಆಸಿಡ್ ತಯಾರಿಸಿತು. ಸ್ಪ್ರೂ ರೋಗಿಗಳ ರಕ್ತಹೀನತೆಗೆ ಬೇಕಾದದ್ದೂ ಅದೇ! ಆಮೇಲೆ ಅದರ ರಚನೆಯನ್ನೇ ಚೂರು ಬದಲಾಯಿಸಿದರು. ಬೀಗಕ್ಕೆ ಹೋಗುತ್ತೆ, ತಿರುಗಲ್ಲ, ಅಂಥ ಕಳ್ಳ ಕೀಲಿ. ಫೋಲಿಕ್ ಆಸಿಡ್ ಕೆಲಸಕ್ಕೆ ಬಾರದೆ ಹೋದರೆ ಕಣ ವಿಭಜನೆ ನಿಲ್ಲುತ್ತೆ. ಅಮಿನೋಪ್ಟೆರಿನ್, ನಂತರ ಮೆಥೊಟ್ರೆಕ್ಸೇಟ್ ಬಂದದ್ದು ಹೀಗೆ. ಸಿಡ್ನಿ ಫಾರ್ಬರ್ ಅಮಿನೋಪ್ಟೆರಿನ್ ಕೊಟ್ಟಾಗ ರಕ್ತದ ಕ್ಯಾನ್ಸರ್‌ನ ಕೆಲವು ಮಕ್ಕಳು ಸ್ವಲ್ಪ ಕಾಲವಾದರೂ ಚೇತರಿಸಿಕೊಂಡರು.

1948ರ ಆಗಸ್ಟ್‌ನಲ್ಲಿ ಸುಬ್ಬರಾವ್ ನಿದ್ದೆಯಲ್ಲೇ ಹೋದರು. 53 ವರ್ಷ. ಕೀಲುರೋಗಕ್ಕೆ ಕಡಿಮೆ ಪ್ರಮಾಣದ ಮೆಥೊಟ್ರೆಕ್ಸೇಟ್‌ಗೆ ಅಮೆರಿಕ ಒಪ್ಪಿಗೆ ಕೊಟ್ಟಿದ್ದು 1988ರಲ್ಲಿ.

ಹೋದ ಭಾನುವಾರ ಅಮ್ಮನಿಗೆ ಇದನ್ನೆಲ್ಲ ಹೇಳಿದೆವು. ಮಾತ್ರೆ ನುಂಗಿ, ಅಮ್ಮ ಕೇಳಿದ್ದು ಒಂದೇ: ಊರಲ್ಲಿ ಬಿಟ್ಟು ಹೋದ ಆ ಹೆಂಡತಿ ಏನಾದರು ಅಂತ. ಅವರ ಹೆಸರು ಶೇಷಗಿರಿ. ಸುಬ್ಬರಾವ್ ಮತ್ತೆ ಭಾರತಕ್ಕೆ ಬರಲೇ ಇಲ್ಲ.